ಎರಡು ಕಣ್ಣುಗಳಿದ್ದರೆ ಮಾತ್ರ ಬದುಕು

ಜಪಾನಿನ ಸೆತೊ ಒಳನಾಡು ಸಮುದ್ರದಲ್ಲಿರುವ ಇನ್ನೋಶಿಮಾ ದ್ವೀಪದಲ್ಲಿ 2008ರಲ್ಲಿ ಒಂದು ಸ್ಮಾರಕ ಸಂಗ್ರಹಾಲಯ ಆರಂಭವಾಯಿತು. ಯುದ್ಧ ಗೆದ್ದ ಸೇನಾನಿಯನ್ನೋ ರಾಜ್ಯ ಕಟ್ಟಿದ ಮಂತ್ರಿಯನ್ನೋ ನೆನೆಯುವ ಇಂಥ ಕಟ್ಟಡಗಳು ಎಲ್ಲ ದೇಶಗಳಲ್ಲಿಯೂ ಇವೆ. ಇಲ್ಲಿ ನೆನೆಯಲಾಗುತ್ತಿರುವುದು ಮಣೆಯ ಮೇಲೆ ಕಪ್ಪು ಬಿಳುಪು ಕಾಯಿಗಳನ್ನಿಡುತ್ತಲೇ ಜೀವಿತವನ್ನು ಸವೆಸಿ, 1862ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ಕಾಲರಾಕ್ಕೆ ತುತ್ತಾದ ಒಬ್ಬ ಆಟಗಾರನನ್ನು. ಆತನ ಹೆಸರು ಹೊನಿನ್‌ಬೋ ಶೂಸಾಕು. ಗೋ ಆಟದ ಜಪಾನೀ ಪರಂಪರೆಯಲ್ಲಿ ಅಷ್ಟು ಪ್ರಸಿದ್ಧವಾದ ಹೆಸರು ಬಹುಶಃ ಮತ್ತೊಂದಿಲ್ಲ.

ಶೂಸಾಕುವಿನ ಬದುಕು ಅಸಾಧಾರಣ ಪ್ರತಿಭೆಯ ಕಥೆಯಾಗಿ ಸಾಕಷ್ಟು ಪ್ರಚಾರ ಪಡೆದಿದೆ. ಆದರೆ ಆ ಪ್ರತಿಭೆಯನ್ನು ಸಾಕಿ ಸಲಹಿದ ವ್ಯವಸ್ಥೆ ಯಾವುದು, ಆತ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆ ಏಕೆ ಕುಸಿಯಿತು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಈ ಪ್ರಶ್ನೆಗಳಿಗೆ ಉತ್ತರವನ್ನು ಆತ ಆಡುತ್ತಿದ್ದ ಆಟದ ನಿಯಮಗಳಲ್ಲಿಯೇ ಹುಡುಕಬಹುದು. ಅದರಲ್ಲಿಯೂ ಮಣೆಯ ಮೂಲೆಯಲ್ಲಿ ಕಾಯಿಗಳ ಒಂದು ಗುಂಪು ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬ ವಿಚಾರದಲ್ಲಿ ಈ ಬದುಕಿಗೆ ಒಂದು ಕೀಲಿಕೈ ಇದೆ.

ಗೋ ಆಟದ ಮಣೆಯ ಮೇಲೆ ಅಡ್ಡಲಾಗಿ 19, ಉದ್ದಕ್ಕೆ 19 ಗೆರೆಗಳಿರುತ್ತವೆ. ಆ ಗೆರೆಗಳು ಸೇರುವ 361 ಸಂಧಿಗಳಲ್ಲಿ ಇಬ್ಬರು ಆಟಗಾರರು ಸರದಿಯಂತೆ ಒಂದೊಂದು ಕಾಯಿಯನ್ನಿಡುತ್ತ ಹೋಗುತ್ತಾರೆ. ಒಮ್ಮೆ ಇಟ್ಟ ಕಾಯಿ ಕದಲುವುದಿಲ್ಲ. ಹೆಚ್ಚು ಪ್ರದೇಶವನ್ನು ಸುತ್ತುವರಿದವನಿಗೆ ಗೆಲುವು. ನಮ್ಮ ಹುಲಿ-ಕುರಿ ಆಟದಲ್ಲಿ ಕುರಿಗಳು ಹುಲಿಯನ್ನು ಸುತ್ತುಗಟ್ಟಿ ದಾರಿ ಮುಚ್ಚುವಂತೆ, ಇಲ್ಲಿಯೂ ಒಂದು ಕಾಯಿಯ ಅಥವಾ ಗುಂಪಿನ ಪಕ್ಕದ ಖಾಲಿ ಸಂಧಿಗಳೆಲ್ಲವನ್ನೂ ಎದುರಾಳಿ ಮುಚ್ಚಿದರೆ ಆ ಗುಂಪು ಉಸಿರುಕಟ್ಟಿ ಸಾಯುತ್ತದೆ. ಅದನ್ನು ಮಣೆಯಿಂದ ಎತ್ತಿಬಿಡಲಾಗುತ್ತದೆ.

ಸಾಯದಿರಲು ಇರುವ ದಾರಿ ಎರಡು ಕಣ್ಣುಗಳನ್ನು ಪಡೆಯುವುದು. ಕಣ್ಣು ಎಂದರೆ ಗುಂಪಿನೊಳಗೆ ಸುತ್ತಲೂ ತನ್ನವರೇ ಇರುವ ಖಾಲಿ ಜಾಗ. ಒಂದೇ ಕಣ್ಣಿರುವ ಗುಂಪನ್ನು ಎದುರಾಳಿ ಹೊರಗಿನಿಂದ ಪೂರ್ತಿ ಸುತ್ತುವರಿದು, ಕೊನೆಗೆ ಆ ಕಣ್ಣಿನಲ್ಲಿಯೂ ಕಾಯಿಯನ್ನಿಟ್ಟು ಕೊಲ್ಲಬಲ್ಲ. ಪ್ರತ್ಯೇಕವಾದ ಎರಡು ಕಣ್ಣುಗಳಿದ್ದರೆ ಎರಡನ್ನೂ ಒಂದೇ ನಡೆಯಲ್ಲಿ ಮುಚ್ಚುವುದು ಅಸಾಧ್ಯ. ಹಾಗಾಗಿ ಆ ಗುಂಪಿಗೆ ಆಟ ಮುಗಿಯುವವರೆಗೂ ಸಾವಿಲ್ಲ. ಎಷ್ಟು ಕಾಯಿಗಳಿವೆ ಎಂಬುದು ಇಲ್ಲಿ ಮುಖ್ಯವಲ್ಲ. ಐವತ್ತು ಕಾಯಿಗಳ ಗುಂಪಾದರೂ ಒಂದೇ ಕಣ್ಣಿದ್ದು ಸುತ್ತುವರಿಯಲ್ಪಟ್ಟರೆ ಅದು ಸತ್ತ ಗುಂಪೇ.

ಬದುಕುವುದಕ್ಕೆ ಮೂಲೆ ಅತ್ಯಂತ ಅಗ್ಗದ ಜಾಗ. ಮಣೆಯ ಎರಡು ಅಂಚುಗಳು ಅಲ್ಲಿ ಪುಕ್ಕಟೆ ಗೋಡೆಗಳಾಗುತ್ತವೆ. ಅಂಚಿನಿಂದ ಎರಡನೆಯ ಗೆರೆಯ ಮೇಲೆ ಸಾಲಾಗಿ ನಿಂತ ಕಾಯಿಗಳು ಪಕ್ಕದ ಅಂಚಿನಲ್ಲಾದರೆ ಆರಿದ್ದರೂ ಸಾಯುತ್ತವೆ, ಎಂಟಿದ್ದರೆ ಬದುಕುತ್ತವೆ. ಮೂಲೆಯಲ್ಲಿ ನಾಲ್ಕಿದ್ದರೆ ಸಾವು, ಆರಿದ್ದರೆ ಬದುಕು. ಎರಡು ಕಾಯಿಗಳ ಉಳಿತಾಯ. ಅರ್ಥಶಾಸ್ತ್ರ ಓದಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಆಟಗಾರರೆಲ್ಲರೂ ಮೊದಲು ಮೂಲೆಗಳತ್ತಲೇ ಕೈ ಚಾಚುವುದು ಇದೇ ಕಾರಣಕ್ಕೆ.

ಆದರೆ ಮೂಲೆಯಲ್ಲಿ ಮೋಸವೂ ಇದೆ. ಬಾಗಿದ ನಾಲ್ಕು ಎಂದು ಆಟಗಾರರು ಕರೆಯುವ ಒಂದು ವಿನ್ಯಾಸವಿದೆ. ಮೂಲೆಯ ಗುಂಪಿನ ಒಡಲಲ್ಲಿ ಎದುರಾಳಿಯ ಕೆಲವು ಕಾಯಿಗಳು ಸಿಕ್ಕಿಕೊಂಡಿರುತ್ತವೆ. ಗುಂಪಿನ ಒಡೆಯ ತಾನಾಗಿ ಅವುಗಳ ಮೇಲೆ ಕೈ ಮಾಡುವಂತಿಲ್ಲ. ಎದುರಾಳಿಯೂ ಸದ್ಯಕ್ಕೆ ಸುಮ್ಮನಿರುತ್ತಾನೆ. ನೋಡುವವರಿಗೆ ಇಬ್ಬರೂ ಕ್ಷೇಮವಾಗಿದ್ದಾರೆ ಎನಿಸುತ್ತದೆ. ಆದರೆ ಕಾಳಗವನ್ನು ಆರಂಭಿಸುವ ಹಕ್ಕು ಎದುರಾಳಿಯೊಬ್ಬನಿಗೇ ಇರುತ್ತದೆ. ಮಣೆಯ ಬೇರೆಡೆಯ ವ್ಯವಹಾರಗಳನ್ನೆಲ್ಲ ಮುಗಿಸಿಕೊಂಡು, ತನಗೆ ಅನುಕೂಲವಾದ ಗಳಿಗೆಯಲ್ಲಿ ಆತ ಬರಬಲ್ಲ. ಆದ್ದರಿಂದಲೇ ಜಪಾನೀ ನಿಯಮದ ಪ್ರಕಾರ ಆಟದ ಕೊನೆಯಲ್ಲಿ ಆ ಗುಂಪನ್ನು ಸತ್ತದ್ದೆಂದೇ ಪರಿಗಣಿಸಲಾಗುತ್ತದೆ. ತನ್ನ ಅಳಿವಿನ ಸಮಯವನ್ನು ಇನ್ನೊಬ್ಬನ ಕೈಗೆ ಕೊಟ್ಟ ಗುಂಪು ಬದುಕಿದ್ದಂತೆ ಕಂಡರೂ ಬದುಕಿರುವುದಿಲ್ಲ.

ಶೂಸಾಕು ಹುಟ್ಟುವ ವೇಳೆಗೆ ಜಪಾನಿನಲ್ಲಿ ಈ ಆಟ ಸರ್ಕಾರಿ ಪೋಷಣೆಯ ವಿದ್ಯೆಯಾಗಿ ಎರಡು ಶತಮಾನಗಳೇ ಕಳೆದಿದ್ದವು. ತೊಕುಗಾವಾ ಶೋಗುನ್‌ಗಳ ಆಳ್ವಿಕೆಯಲ್ಲಿ ಹೊನಿನ್‌ಬೋ, ಇನೊವೆ, ಯಾಸುಯಿ, ಹಯಾಶಿ ಎಂಬ ನಾಲ್ಕು ಗೋ ಮನೆತನಗಳಿಗೆ ರಾಜಧಾನಿ ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ನಿಗದಿತ ವೇತನ ಸಲ್ಲುತ್ತಿತ್ತು. ಇವು ರಕ್ತಸಂಬಂಧದ ಮನೆತನಗಳು ಎನ್ನುವುದಕ್ಕಿಂತ ಗುರುಪೀಠಗಳು ಎಂದರೆ ಹೆಚ್ಚು ಸರಿ. ಸಮರ್ಥ ಶಿಷ್ಯನನ್ನು ದತ್ತು ತೆಗೆದುಕೊಂಡು ಉತ್ತರಾಧಿಕಾರಿಯನ್ನಾಗಿ ಮಾಡುವುದು ಅಲ್ಲಿನ ರೂಢಿ. ವರ್ಷಕ್ಕೊಮ್ಮೆ ಶೋಗುನ್‌ನ ಕೋಟೆಯಲ್ಲಿ ಈ ಮನೆತನಗಳವರು ಸನ್ನಿಧಿ ಪಂದ್ಯಗಳನ್ನಾಡಬೇಕಿತ್ತು. ಒಂದು ದಿನದಲ್ಲಿ ಪಂದ್ಯ ಮುಗಿಯದೆಂಬ ಕಾರಣಕ್ಕೆ ಮೊದಲೇ ಆಡಿ ಮುಗಿಸಿ, ಕೋಟೆಯಲ್ಲಿ ಅದನ್ನು ಮತ್ತೆ ಜೋಡಿಸಿ ತೋರಿಸುವ ಪದ್ಧತಿಯೂ ಬೆಳೆದಿತ್ತು. ವಿದ್ಯೆಯ ಮಟ್ಟ ಅತ್ಯುನ್ನತವಾಗಿತ್ತು. ಗೋಪ್ಯವೂ ಅಷ್ಟೇ ಇತ್ತು. ಮೂಲೆಯ ಬದುಕು-ಸಾವಿನ ಕಠಿಣ ಸಮಸ್ಯೆಗಳನ್ನೊಳಗೊಂಡು 1713ರಲ್ಲಿ ಸಂಕಲಿತವಾದ ಹತ್ಸುಯೋರೋನ್ ಎಂಬ ಗ್ರಂಥವನ್ನು ಇನೊವೆ ಮನೆತನ ತನ್ನ ಆಯ್ದ ಶಿಷ್ಯರ ಹೊರತು ಯಾರಿಗೂ ತೋರಿಸುತ್ತಿರಲಿಲ್ಲ. ಅಂಥದೇ ಸಮಸ್ಯೆಗಳ ಸಂಗ್ರಹವೊಂದನ್ನು 1812ರಲ್ಲಿ ಹಯಾಶಿ ಗೆನ್ಬಿ ಮುದ್ರಿಸಿ ಪ್ರಕಟಿಸಿದ್ದು ಆ ಕಾಲಕ್ಕೆ ಮಹತ್ವದ ಹೆಜ್ಜೆ.

ಇಂಥ ಲೋಕದಿಂದ ಬಹುದೂರದ ದ್ವೀಪವೊಂದರಲ್ಲಿ, 1829ರಲ್ಲಿ, ಕುವಾಬಾರಾ ಎಂಬ ವ್ಯಾಪಾರಿಯ ಮನೆಯಲ್ಲಿ ತೊರಾಜಿರೊ ಎಂಬ ಮಗು ಹುಟ್ಟಿತು. ತಪ್ಪು ಮಾಡಿದ್ದಕ್ಕೆ ಕಪಾಟಿನಲ್ಲಿ ಕೂಡಿಹಾಕಿದಾಗ ಮಗು ಅಳು ನಿಲ್ಲಿಸಿ, ಅಲ್ಲಿದ್ದ ಗೋ ಕಾಯಿಗಳನ್ನು ಜೋಡಿಸುತ್ತ ಕುಳಿತಿತ್ತು ಎಂಬ ದಂತಕಥೆ ಆ ಊರಿನದು. ತಾಯಿಯಿಂದಲೇ ಮೊದಲ ಪಾಠ. ಬಾಲಕನ ಕೈಚಳಕ ಮಿಹಾರಾ ಕೋಟೆಯ ಒಡೆಯ ಅಸಾನೊ ತದಾಹಿರೊನ ಕಿವಿಗೆ ಬಿತ್ತು. ಬಾಲಕನೊಡನೆ ತಾನೇ ಒಂದು ಆಟವಾಡಿ ನೋಡಿದ ಆತ ಹುಡುಗನ ಪೋಷಣೆಯನ್ನು ವಹಿಸಿಕೊಂಡು, ತನ್ನ ಆಶ್ರಯದಲ್ಲಿದ್ದ ಗೋ ಬಲ್ಲ ಭಿಕ್ಷುವಿನ ಬಳಿ ಅಭ್ಯಾಸಕ್ಕೆ ಹಚ್ಚಿದ. 1837ರಲ್ಲಿ, ಎಂಟು ವರ್ಷದ ಹುಡುಗನನ್ನು ಎದೊದ ಹೊನಿನ್‌ಬೋ ಪೀಠಕ್ಕೆ ಕಳುಹಿಸಲಾಯಿತು. ಆಗಿನ ಪೀಠಾಧಿಪತಿ ಜೋವಾ ಆ ಬಾಲಕನ ಆಟ ಕಂಡು, ನೂರೈವತ್ತು ವರ್ಷಗಳಿಂದ ಇಂಥ ಪ್ರತಿಭೆ ಬಂದಿರಲಿಲ್ಲವೆಂದು ಉದ್ಗರಿಸಿದನೆಂಬ ಪ್ರತೀತಿಯಿದೆ.

ಹುಡುಗ ಶ್ರೇಣಿಯಿಂದ ಶ್ರೇಣಿಗೆ ಏರಿದ. ಶೂಸಾಕು ಎಂಬ ಹೊಸ ಹೆಸರನ್ನೂ ಪಡೆದ. ಆದರೆ ರಾಜಧಾನಿಯಲ್ಲಿ ನೆಲೆ ಸಿಕ್ಕಿತೆಂದು ಊರಿನ ನಂಟನ್ನು ಆತ ಕಡಿದುಕೊಳ್ಳಲಿಲ್ಲ. ಅಸಾನೊ ಮನೆತನದ ಆಶ್ರಿತನೆಂಬ ಸ್ಥಾನ ಮುಂದುವರಿದಿತ್ತು. ಒಮ್ಮೆಯಲ್ಲ, ಎರಡು ಬಾರಿ ದೀರ್ಘಾವಧಿಗೆ ಊರಿಗೆ ಮರಳಿ ಅಲ್ಲಿಯೇ ಉಳಿದಿದ್ದ. ಎರಡನೆಯ ಬಾರಿ ಊರಿನಿಂದ ಎದೊಗೆ ಹಿಂದಿರುಗುವ ದಾರಿಯಲ್ಲಿಯೇ, 1846ರಲ್ಲಿ, ಒಸಾಕಾದಲ್ಲಿ ಆತನ ಹೆಸರನ್ನು ಶಾಶ್ವತಗೊಳಿಸಿದ ಪಂದ್ಯ ನಡೆಯಿತು.

ಎದುರಾಳಿ ಇನೊವೆ ಮನೆತನದ ಮುಖ್ಯಸ್ಥ ಗೆನ್ನಾನ್ ಇನ್ಸೆಕಿ. ಎಂಟನೆಯ ದಾನ್ ಶ್ರೇಣಿಯ ಪ್ರಚಂಡ ಆಟಗಾರ. ಶೂಸಾಕು 17ರ ತರುಣ, ನಾಲ್ಕನೆಯ ದಾನ್. ಶ್ರೇಣಿಯ ಅಂತರಕ್ಕೆ ತಕ್ಕಂತೆ ಮೊದಲು ತರುಣನಿಗೆ ಎರಡು ಕಾಯಿಗಳ ರಿಯಾಯಿತಿ ಕೊಟ್ಟು ಆಟ ಆರಂಭವಾಯಿತು. ಆ ರಿಯಾಯಿತಿಯಿಟ್ಟುಕೊಂಡು ಗೆಲ್ಲುವುದು ತನಗೆ ಸಾಧ್ಯವಿಲ್ಲವೆಂದು ಗೆನ್ನಾನ್‌ಗೆ ಬೇಗನೆ ಮನವರಿಕೆಯಾಗಿ ಆ ಪಂದ್ಯ ಅರ್ಧಕ್ಕೆ ನಿಂತಿತು. ಮುಂದಿನ ಪಂದ್ಯದಲ್ಲಿ ಶೂಸಾಕುವಿಗೆ ಕಪ್ಪು ಕಾಯಿ, ಅಂದರೆ ಮೊದಲ ನಡೆಯ ಅನುಕೂಲ ಮಾತ್ರ. ಕೆಳಗಿನ ಬಲ ಮೂಲೆಯಲ್ಲಿ ಗೆನ್ನಾನ್ ತನ್ನ ಮನೆತನ ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದ ಹೊಸ ನಡೆಯೊಂದನ್ನು ಪ್ರಯೋಗಿಸಿದ. ಅದನ್ನು ಎಂದೂ ಕಾಣದ ತರುಣ ತಡವರಿಸಿದ. ಆ ಮೂಲೆಯ ವ್ಯವಹಾರ ಬಿಳಿಯ ಪಾಲಿಗೆ ಲಾಭದಾಯಕವಾಯಿತು. ನೋಡುತ್ತಿದ್ದ ಬಲ್ಲವರು ಗೆನ್ನಾನ್ ಗೆದ್ದಂತೆಯೇ ಎಂದು ತೀರ್ಮಾನಿಸಿದರು.

ಅಲ್ಲಿದ್ದ ಒಬ್ಬ ವೈದ್ಯ ಮಾತ್ರ ಒಪ್ಪಲಿಲ್ಲ. ಆಟದ ಸೂಕ್ಷ್ಮ ಆತನಿಗೆ ಅಷ್ಟಾಗಿ ತಿಳಿಯದು. ಆದರೆ ಶೂಸಾಕು 127ನೆಯ ಕಾಯಿಯನ್ನು ಮಣೆಯ ನಡುಭಾಗದಲ್ಲಿ ಇಟ್ಟ ಕೂಡಲೇ ಗೆನ್ನಾನ್‌ನ ಕಿವಿಗಳು ಕೆಂಪೇರಿದ್ದನ್ನು ಆತ ಗಮನಿಸಿದ್ದ. ಮನಸ್ಸು ಕಲಕಿದ ಲಕ್ಷಣವದು ಎಂಬುದು ಆತನ ನಿದಾನ. ಆ ಒಂದು ಕಾಯಿ ಕೆಳಭಾಗದಲ್ಲಿ ನಿರ್ಬಲವಾಗಿದ್ದ ನಾಲ್ಕು ಕಪ್ಪು ಕಾಯಿಗಳಿಗೆ ದೂರದಿಂದಲೇ ಆಸರೆಯಾಯಿತು. ಮೇಲ್ಭಾಗದ ತನ್ನ ಪ್ರದೇಶವನ್ನು ಹಿಗ್ಗಿಸಿತು. ಬಲಗಡೆ ಬಿಳಿಯ ಪ್ರಭಾವವನ್ನು ಕುಗ್ಗಿಸಿ, ಎಡಗಡೆಯ ಮೇಲೂ ಕಣ್ಣಿಟ್ಟಿತು. ಒಟ್ಟು 325 ನಡೆಗಳ ನಂತರ ಶೂಸಾಕು ಎರಡು ಅಂಕಗಳಿಂದ ಗೆದ್ದ. ಕಿವಿ ಕೆಂಪಾದ ಪಂದ್ಯ ಎಂದೇ ಅದು ಇತಿಹಾಸದಲ್ಲಿ ಉಳಿದಿದೆ. ಮೂಲೆಯಲ್ಲಿ ಕಳೆದುಕೊಂಡದ್ದಕ್ಕೆ ಅಲ್ಲಿಯೇ ಸೇಡು ತೀರಿಸಿಕೊಳ್ಳಲು ಹೋಗದೆ, ದುರ್ಬಲವಾದುದನ್ನು ಮಣೆಯ ಬೇರೆ ಭಾಗಗಳೊಡನೆ ಬೆಸೆದದ್ದು ಆ ಗೆಲುವಿನ ಗುಟ್ಟು. ಫಲಿತಾಂಶ ಏನಾಯಿತೆಂದು ವಿಚಾರಿಸಿದವರಿಗೆ, ತನ್ನದು ಕಪ್ಪು ಕಾಯಿಯಾಗಿತ್ತು ಎಂದಷ್ಟೇ ಆತ ವಿನಯದಿಂದ ತಿಳಿಸಿದನೆಂದು ಹೇಳಲಾಗುತ್ತದೆ.

ಎದೊಗೆ ಮರಳಿದ ಮೇಲೆ ಪೀಠದ 14ನೆಯ ಅಧಿಪತಿ ಶೂವಾ ಆತನನ್ನು ಉತ್ತರಾಧಿಕಾರಿಯನ್ನಾಗಿ ಆರಿಸಲು ಬಯಸಿದ. ಯಾರಿಗಾದರೂ ಕನಸಿನ ಅವಕಾಶ. ಶೂಸಾಕು ಹಿಂಜರಿದ. ಚಿಕ್ಕಂದಿನಿಂದ ಅನ್ನವಿಟ್ಟ ಮಿಹಾರಾದ ಒಡೆಯನ ಋಣ ಅದಕ್ಕೆ ಕಾರಣ. ಅಲ್ಲಿಂದ ಅನುಮತಿ ದೊರೆತ ಬಳಿಕವೇ, 1848ರಲ್ಲಿ, ಆತ ಉತ್ತರಾಧಿಕಾರಿಯಾದ. ಜೋವಾನ ಮಗಳು ಹಾನಾಳನ್ನು ವಿವಾಹವಾದ. 1849ರಿಂದ 1861ರವರೆಗೆ ಶೋಗುನ್‌ನ ಕೋಟೆಯ ಸನ್ನಿಧಿ ಪಂದ್ಯಗಳಲ್ಲಿ ಆತ ಆಡಿದ್ದು 19. ಗೆದ್ದದ್ದೂ 19. ಅಷ್ಟು ಪಂದ್ಯಗಳನ್ನಾಡಿ ಒಮ್ಮೆಯೂ ಸೋಲದ ದಾಖಲೆ ಇನ್ನಾರದೂ ಇಲ್ಲ. ಈ ನಡುವೆ 1853ರಲ್ಲಿ ಹಿರಿಯ ಆಟಗಾರ ಓತಾ ಯೂಝೊ ಜೊತೆ ಮೂವತ್ತು ಪಂದ್ಯಗಳ ದೀರ್ಘ ಸರಣಿ ಏರ್ಪಟ್ಟಾಗ, 17ನೆಯ ಪಂದ್ಯದ ವೇಳೆಗೆ ನಾಲ್ಕು ಗೆಲುವುಗಳ ಮುನ್ನಡೆ ಶೂಸಾಕುವಿನದಾಗಿತ್ತು.

ಆತನ ಹೆಸರಿನಲ್ಲಿ ಉಳಿದಿರುವ ಆರಂಭಪದ್ಧತಿಯೂ ಮೂಲೆಗಳಿಗೆ ಸಂಬಂಧಿಸಿದ್ದೇ. ಕಪ್ಪು ಕಾಯಿಗಳು ಒಂದಾದ ಮೇಲೊಂದರಂತೆ ಮೂರು ಮೂಲೆಗಳಲ್ಲಿ ಸ್ಥಾನ ಹಿಡಿದು, ಅನಂತರ ಕರ್ಣರೇಖೆಯಲ್ಲಿ ಒಂದೇ ಒಂದು ಹೆಜ್ಜೆ ಮುಂದಿಡುವ ಸಾವಧಾನದ ನಡೆ ಅದು. ಮಣೆಯ ಅಳತೆ ಬದಲಾಗದಿರುವವರೆಗೆ ಆ ನಡೆ ಕೆಟ್ಟದ್ದಾಗದು ಎಂಬ ನಂಬಿಕೆ ಆತನದಾಗಿತ್ತಂತೆ. 20ನೆಯ ಶತಮಾನದಲ್ಲಿ, ಎರಡನೆಯವನಾಗಿ ಆಡುವ ಬಿಳಿಗೆ ಪರಿಹಾರದ ಅಂಕಗಳನ್ನು ಕೊಡುವ ಪದ್ಧತಿ ಬಂದ ನಂತರ, ಆ ನಡೆ ತೀರ ನಿಧಾನವೆಂದು ಅನೇಕರು ಕೈಬಿಟ್ಟರು. 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ವ್ಯವಸ್ಥೆ ಕೊರಿಯಾದ ಲೀ ಸೆಡೊಲ್‌ನನ್ನು 4-1ರಿಂದ ಸೋಲಿಸಿದ ಮೇಲೆ ಗೋ ಲೋಕದ ಎಷ್ಟೋ ನಂಬಿಕೆಗಳು ಬುಡಮೇಲಾದವು. ವಿಚಿತ್ರವೆಂದರೆ, ಹೊಸ ಯಂತ್ರಗಳ ವಿಶ್ಲೇಷಣೆಯಲ್ಲಿ ಶೂಸಾಕುವಿನ ಆ ಹಳೆಯ ಹೆಜ್ಜೆಗೆ ಮತ್ತೆ ಮಾನ್ಯತೆ ದೊರೆಯಿತು.

1862ರಲ್ಲಿ ಕಾಲರಾ ಎದೊವನ್ನು ಹೊಕ್ಕಿತು. ಈ ರೋಗ ಕಲುಷಿತ ನೀರಿನಿಂದ ಹರಡುತ್ತದೆಂದು ಲಂಡನ್ನಿನ ಜಾನ್ ಸ್ನೋ 1854ರಲ್ಲಿಯೇ ತೋರಿಸಿದ್ದರೂ ಆ ತಿಳಿವಳಿಕೆ ಎದೊದ ಕೇರಿಗಳಿಗೆ ತಲುಪಿರಲಿಲ್ಲ. ಹೊನಿನ್‌ಬೋ ಪೀಠದಲ್ಲಿಯೂ ಶಿಷ್ಯರು ಹಾಸಿಗೆ ಹಿಡಿದರು. ಉತ್ತರಾಧಿಕಾರಿಯಾದವನು ಅವರಿಂದ ದೂರವಿರುವುದು ಲೌಕಿಕ ದೃಷ್ಟಿಯಿಂದ ವಿವೇಕವಾಗಿತ್ತು. ಮುಖ್ಯವಾದುದನ್ನು ಉಳಿಸಿಕೊಳ್ಳಲು ಕೆಲವು ಕಾಯಿಗಳನ್ನು ಬಿಟ್ಟುಕೊಡುವುದು ಆ ಆಟದ ಮೂಲಪಾಠಗಳಲ್ಲೊಂದು. ಆ ಲೆಕ್ಕವನ್ನು ಶೂಸಾಕುವಿಗಿಂತ ಚೆನ್ನಾಗಿ ಬಲ್ಲವರು ಅಂದು ಜಪಾನಿನಲ್ಲಿ ಇರಲಿಲ್ಲ. ಆತ ಆ ಲೆಕ್ಕವನ್ನು ಮನುಷ್ಯರಿಗೆ ಅನ್ವಯಿಸಲಿಲ್ಲ. ರೋಗಿಗಳ ಶುಶ್ರೂಷೆಗೆ ತಾನೇ ನಿಂತ. ಸೋಂಕು ಆತನನ್ನೂ ಹಿಡಿಯಿತು. 1862ರ ಸೆಪ್ಟೆಂಬರ್ 3ರಂದು, ಪೀಠವನ್ನೇರುವ ಮುನ್ನವೇ, ಆತ ತೀರಿಕೊಂಡ.

ಪೀಠದ ಹಿತದೃಷ್ಟಿಯಿಂದ ಇದು ತಪ್ಪು ನಡೆಯೇ? ಹಾಗೆಂದು ವಾದಿಸಲು ಸಾಧ್ಯ. ಶೂಸಾಕುವಿನ ನಂತರ ಉತ್ತರಾಧಿಕಾರದ ಪ್ರಶ್ನೆಯೆದ್ದಾಗ ಅತ್ಯಂತ ಸಮರ್ಥನಾಗಿದ್ದ ಶಿಷ್ಯ ಮುರಾಸೆ ಶೂಹೋನನ್ನು ಬಿಟ್ಟು, ಶೂವಾನ ಹರೆಯದ ಮಗ ಶೂಯೆತ್ಸುವನ್ನು ಆರಿಸಲಾಯಿತು. ಸಾಮರ್ಥ್ಯದ ಮೇಲೆ ನಿಂತಿದ್ದ ಪೀಠ ರಕ್ತಸಂಬಂಧದತ್ತ ವಾಲಿತು. ಆದರೆ ಶೂಸಾಕು ಇನ್ನೂ ಮೂವತ್ತು ವರ್ಷ ಬದುಕಿದ್ದರೂ ಮುಂದಿನ ಆಘಾತವನ್ನು ತಡೆಯಲು ಸಾಧ್ಯವಿತ್ತೆಂದು ನನಗೆ ಅನಿಸುವುದಿಲ್ಲ. ಸನ್ನಿಧಿ ಪಂದ್ಯಗಳು ಕೆಲವೇ ವರ್ಷಗಳಲ್ಲಿ ನಿಂತುಹೋದವು. 1868ರಲ್ಲಿ ಶೋಗುನ್ ಆಳ್ವಿಕೆಯೇ ಅಳಿದು ಮೆಯಿಜಿ ಯುಗ ಆರಂಭವಾಯಿತು. ಪಾಶ್ಚಾತ್ಯ ಮಾದರಿಯ ಕಾರ್ಖಾನೆ, ಸೈನ್ಯ, ಶಾಲೆಗಳತ್ತ ಮುಖ ಮಾಡಿದ ಹೊಸ ಸರ್ಕಾರಕ್ಕೆ ಮಣೆಯಾಟದವರಿಗೆ ವೇತನ ಕೊಡುವುದು ಆದ್ಯತೆಯಾಗಿರಲಿಲ್ಲ. ಎರಡೂವರೆ ಶತಮಾನ ಕಾಲ ನಡೆದು ಬಂದಿದ್ದ ಪೋಷಣೆ ಬತ್ತಿತು. ನಾಲ್ಕೂ ಮನೆತನಗಳು ಬಡತನಕ್ಕಿಳಿದವು.

ನಾಲ್ಕು ಮನೆತನಗಳಲ್ಲಿ ಯಾವುದಕ್ಕೂ ಪ್ರತಿಭೆಯ, ಶಿಸ್ತಿನ, ಪರಂಪರೆಯ ಕೊರತೆ ಇರಲಿಲ್ಲ. ಕೊರತೆಯಿದ್ದದ್ದು ಎರಡನೆಯ ಕಣ್ಣಿನದು. ರಾಜಾಶ್ರಯವೆಂಬ ಒಂದೇ ಕಣ್ಣನ್ನು ನೆಚ್ಚಿದ್ದ ಆ ಗುಂಪು, ಸುತ್ತಲಿನ ಪರಿಸ್ಥಿತಿ ಸದ್ದಿಲ್ಲದೆ ಬದಲಾಗುತ್ತಿದ್ದಾಗಲೂ ಕ್ಷೇಮವಾಗಿಯೇ ಕಾಣುತ್ತಿತ್ತು. ಬಾಗಿದ ನಾಲ್ಕಿನಂತೆ ಅದರ ಅಳಿವಿನ ಮುಹೂರ್ತವನ್ನು ಇಡುವ ಅಧಿಕಾರ ಬೇರೆಯವರ ಕೈಯಲ್ಲಿತ್ತು. ವೈಯಕ್ತಿಕವಾಗಿ ಶೂಸಾಕುವಿಗೆ ಎರಡು ಕಣ್ಣುಗಳಿದ್ದವು: ಎದೊದ ಪೀಠ ಒಂದು, ಮಿಹಾರಾದ ಋಣಾನುಬಂಧ ಇನ್ನೊಂದು. ಆತನನ್ನು ಬೆಳೆಸಿದ ವ್ಯವಸ್ಥೆಗೆ ಆ ಭಾಗ್ಯವಿರಲಿಲ್ಲ.

ಆಟ ಸಾಯಲಿಲ್ಲ ಎಂಬುದನ್ನೂ ಹೇಳಬೇಕು. ಪೀಠ ಕಡೆಗಣಿಸಿದ್ದ ಶೂಹೋ 1879ರಲ್ಲಿ ಹೋಯೆನ್‌ಷಾ ಎಂಬ ಸಂಘವನ್ನು ಸ್ಥಾಪಿಸಿ, ಗೋ ಕಲಿಕೆಯನ್ನು ಸಾರ್ವಜನಿಕರಿಗೆ ತೆರೆದ. ಪತ್ರಿಕೆಗಳು ಪಂದ್ಯಗಳನ್ನು ಪ್ರಕಟಿಸತೊಡಗಿದವು. ಓದುಗರ ಆಸಕ್ತಿಯೇ ಆಟಗಾರರಿಗೆ ಹೊಸ ಆಧಾರವಾಯಿತು. 1924ರಲ್ಲಿ ನಿಹೋನ್ ಕಿಯಿನ್ ಎಂಬ ರಾಷ್ಟ್ರಮಟ್ಟದ ಸಂಸ್ಥೆ ಹುಟ್ಟಿತು. ಕೊನೆಯ ಪೀಠಾಧಿಪತಿ ಶೂಸಾಯಿ ಬಿಟ್ಟುಕೊಟ್ಟ ಹೊನಿನ್‌ಬೋ ಎಂಬ ಹೆಸರು, ಮೈನಿಚಿ ಪತ್ರಿಕೆಯ ಪ್ರಾಯೋಜಕತ್ವದಲ್ಲಿ 1939ರಲ್ಲಿ ಆರಂಭವಾದ ಸ್ಪರ್ಧೆಯ ಬಿರುದಾಯಿತು. ದತ್ತಕದಿಂದ ಬರುತ್ತಿದ್ದ ಪಟ್ಟವನ್ನು ಈಗ ಯಾರೂ ಆಡಿ ಗೆಲ್ಲಬಹುದು. ಶೂಸಾಕುವಿನ ಹೆಸರೂ ಇದೇ ದಾರಿಯಲ್ಲಿ ಉಳಿಯಿತು. 1998ರಿಂದ 2003ರವರೆಗೆ ಪ್ರಕಟವಾದ ಹಿಕಾರು ನೊ ಗೋ ಎಂಬ ಚಿತ್ರಕಥಾ ಮಾಲೆ ಆತನನ್ನು ಕಥೆಯೊಳಗೆ ತಂದು, ಲಕ್ಷಾಂತರ ಮಕ್ಕಳಿಗೆ ಪರಿಚಯಿಸಿತು. 2004ರಲ್ಲಿ ಗೋ ಕೀರ್ತಿಮಂದಿರಕ್ಕೆ ಸೇರಿದ ಮೊದಲ ನಾಲ್ವರಲ್ಲಿ, ತೊಕುಗಾವಾ ಆಳ್ವಿಕೆಯ ಸಂಸ್ಥಾಪಕ ಇಯೆಯಾಸುವಿನ ಜೊತೆಗೆ, ಆ ದ್ವೀಪದ ವ್ಯಾಪಾರಿಯ ಮಗನೂ ಇದ್ದ.

ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದವರು ಅನುದಾನದ ಕಡತಗಳನ್ನು ಸಾಕಷ್ಟು ನೋಡಿರುತ್ತಾರೆ. ಕಲೆಗೆ, ವಿದ್ಯಾಸಂಸ್ಥೆಗೆ, ಕುಶಲಕರ್ಮಿಗಳ ಸಂಘಕ್ಕೆ ಇಷ್ಟು ರೂಪಾಯಿ ಮಂಜೂರಾಗಿದೆ ಎಂಬಲ್ಲಿಗೆ ಆ ಕಡತಗಳು ಸಾಮಾನ್ಯವಾಗಿ ಮುಗಿಯುತ್ತವೆ. ಈ ಅನುದಾನ ನಿಂತ ದಿನ ಆ ಸಂಸ್ಥೆ ಯಾವುದರ ಮೇಲೆ ಬದುಕೀತು ಎಂಬ ಪ್ರಶ್ನೆ ಟಿಪ್ಪಣಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಪೋಷಣೆ ಬೇಡವೆಂದು ಇದರ ಅರ್ಥವಲ್ಲ. ರಾಜಾಶ್ರಯವಿಲ್ಲದಿದ್ದರೆ ಶೂಸಾಕುವಿನ ಪ್ರತಿಭೆ ಇನ್ನೋಶಿಮಾದ ಅಂಗಡಿಯ ಲೆಕ್ಕಪುಸ್ತಕದಲ್ಲಿಯೇ ಕರಗಿಹೋಗುತ್ತಿತ್ತು. ಮೊದಲ ಕಣ್ಣನ್ನು ಕೊಡುವುದು ಪ್ರಭುತ್ವದ ಕರ್ತವ್ಯವೇ ಸರಿ. ಆದರೆ ಎರಡನೆಯದನ್ನು ಕಟ್ಟಿಕೊಳ್ಳಲು ಜನರ ನಡುವೆ ಜಾಗ ಮಾಡಿಕೊಡುವುದೂ ಅಷ್ಟೇ ದೊಡ್ಡ ಕರ್ತವ್ಯ. ಮತ್ತು ಅದನ್ನು ಮಾಡಬೇಕಾದದ್ದು ಗುಂಪು ಇನ್ನೂ ಬಲವಾಗಿ ಕಾಣುತ್ತಿರುವಾಗ. ಸುತ್ತುವರಿದ ಮೇಲೆ ಕಣ್ಣು ಮಾಡಿಕೊಳ್ಳಲು ಮೂಲೆಯಲ್ಲಿಯೂ ಜಾಗ ಸಿಗುವುದಿಲ್ಲ.